ಮೇಸ್ತ್ರಿಯ ಮೂಗಿನ ಗೋಡೆ

ನಮ್ಮ ಯಜಮಾನರು ಗಾರೆ ಮೇಸ್ತ್ರಿ. ಇವರು ಕಟ್ಟಿದ ಒಂದು ಗೋಡೆಯೂ ಇವತ್ತಿನವರೆಗೆ ವಾಲಿಲ್ಲ. ಪ್ರಪಂಚವನ್ನೆಲ್ಲ ತಮ್ಮ ಮೂಗಿನ ನೇರಕ್ಕೇ ನೋಡುವ ಮನುಷ್ಯ. ಆ ಮೂಗೇ ಒಳಗೆ ಸೊಟ್ಟಗಿದೆ ಎಂದು ಡಾಕ್ಟರಮ್ಮ ಹೇಳಿದಾಗ ಇವರ ಮುಖ ನೋಡಬೇಕಿತ್ತು.

ಹೋಗಿದ್ದು ಉಸಿರಿನ ಕಾಟಕ್ಕೆ. ಎಡ ಹೊಳ್ಳೆ ಎಷ್ಟೋ ವರ್ಷದಿಂದ ಕಟ್ಟಿಕೊಂಡೇ ಇತ್ತು. ಬಾಯಿ ತೆರೆದುಕೊಂಡು ಮೂರನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಜೊತೆಗೆ ಬಾಯಿ ತುಂಬ ಸಿಮೆಂಟಿನ ಧೂಳು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ತೋರಿಸಿದರು. "ಎರಡು ಹೊಳ್ಳೆ ಮಧ್ಯೆ ಒಂದು ಗೋಡೆ ಇರುತ್ತೆ. ಮುಂದೆ ಮೆದು ಮೂಳೆ, ಹಿಂದೆ ಗಟ್ಟಿ ಮೂಳೆ. ನಿಮ್ಮದು ಎಡಕ್ಕೆ ಬಾಗಿದೆ. ಬುಡಾನೂ ಪಾಯದಿಂದ ಜಾರಿದೆ. ಬಲಗಡೆ ಕೋಣೆ ವಿಶಾಲ, ಎಡಗಡೆ ಇಕ್ಕಟ್ಟು."

ನಾನು ಸೂರು ನೋಡಿದೆ. ಯಾಕೆಂದರೆ ನಮ್ಮ ಮನೆಯಲ್ಲೂ ಅಂಥದೇ ಒಂದು ಗೋಡೆಯಿದೆ. ಆರು ವರ್ಷದ ಹಿಂದೆ ಮನೆ ಪಾಲಾದಾಗ, ಹಜಾರದ ನಡುವೆ ಇವರೇ ಎರಡು ದಿನದಲ್ಲಿ ಎಬ್ಬಿಸಿದ್ದು. ರಸಮಟ್ಟ ಇಟ್ಟರೆ ಗುಳ್ಳೆ ಕದಲುವುದಿಲ್ಲ, ಅಷ್ಟು ನೆಟ್ಟಗೆ. ಆದರೆ ನಿಂತಿರುವುದು ನಡುವಿನಲ್ಲಲ್ಲ, ಇವರ ತಮ್ಮನ ಪಾಲಿನೊಳಗೆ ಒಂದೂವರೆ ಅಡಿ. ನನ್ನ ಮೈದುನ ಟೈಲರ್. ಹೊಲಿಗೆ ಮೆಷಿನ್ ಇಟ್ಟ ಮೇಲೆ ಅವನ ಕಡೆ ಅಡ್ಡ ತಿರುಗಿಯೇ ಓಡಾಡಬೇಕು. ಅವನು ಒಮ್ಮೆ ಕೇಳಿದ್ದಕ್ಕೆ ಇವರು, "ಗೋಡೆ ನೆಟ್ಟಗಿದೆ, ತೂಗುಗುಂಡು ಬಿಟ್ಟು ನೋಡ್ಕೋ" ಎಂದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅವನು ಮೊಟ್ಟಮೊದಲು ಹೊಲಿದ ಅಂಗಿಗೆ ಒಂದು ತೋಳು ಗಿಡ್ಡವಾಗಿತ್ತು. ಅದನ್ನೇ ತೊಟ್ಟು ಬೀದಿಯೆಲ್ಲ ಮೆರೆದ ಅಣ್ಣ ಇವರೇ.

"ಹೇಗೆ ಸರಿ ಮಾಡ್ತೀರಿ? ಪೂರ್ತಿ ಒಡೆದು ಕಟ್ತೀರಾ?" ಎಂದು ಇವರು ಡಾಕ್ಟರಮ್ಮನನ್ನು ವಿಚಾರಣೆಗೆ ನಿಲ್ಲಿಸಿದರು.

"ಹೊರಗೆ ಏನೂ ಕುಯ್ಯಲ್ಲ. ಮಂಪರು ಕೊಟ್ಟು, ಹೊಳ್ಳೆ ಒಳಗಿಂದಾನೇ ಗೋಡೆ ಮೇಲಿನ ಪೊರೆ ಎತ್ತಿ, ಬಾಗಿರೋದನ್ನ ತೆಗೆದು, ಬುಡ ನಡುವಿಗೆ ತಂದು ಕೂರಿಸಿ, ಪೊರೆ ಮತ್ತೆ ಮುಚ್ತೀವಿ. ಆಸರೆಗೆ ಎರಡೂ ಕಡೆ ತೆಳು ಹಾಳೆ ಇಟ್ಟು, ವಾರ ಕಳೆದ ಮೇಲೆ ತೆಗೀತೀವಿ."

"ಸೆಂಟ್ರಿಂಗ್. ತಾರಸಿಗೆ ಹಲಗೆ ಕೊಟ್ಟ ಹಾಗೆ," ಎಂದರು ಇವರು. ಆ ಕ್ಷಣದಿಂದ ಡಾಕ್ಟರಮ್ಮನ ಮೇಲೆ ಗೌರವ ಬಂತು. "ಸರಿ, ಇದು ಸೊಟ್ಟ ಆಗಿದ್ದು ಹೇಗೆ?"

"ಹುಟ್ಟಿಂದಲೂ ಇರಬಹುದು. ಚಿಕ್ಕಂದಿನಲ್ಲಿ ಪೆಟ್ಟೇನಾದ್ರೂ ಬಿದ್ದಿತ್ತಾ?"

ಇವರ ಮುಖ ಅರಳಿತು. ಹದಿನಾಲ್ಕರ ವಯಸ್ಸಿನಲ್ಲಿ ಬಾಗಿಲ ಹಿಂದೆ ನಿಂತಿದ್ದಾಗ ತಮ್ಮ ದಢಾರೆಂದು ಬಾಗಿಲು ತಳ್ಳಿದ್ದು ನೆನಪಾಯಿತು. ಮನೆ ಮುಟ್ಟುವವರೆಗೂ ಅದೇ ಪುರಾಣ: "ನೋಡಿದ್ಯಾ, ನನ್ನ ಉಸಿರು ಕಟ್ಟಿಸಿದ್ದು ಅವನೇ."

ನನಗೆ ತಡೆಯಲಾಗಲಿಲ್ಲ. "ಅವನು ಎಂಟು ವರ್ಷದವನಿದ್ದಾಗ ಗೊತ್ತಿಲ್ಲದೆ ಮಾಡಿದ್ದು ರೀ. ನೀವು ಟೇಪು ಹಿಡಿದು ಮಾಡಿದ್ರಿ."

ಇವರು ಬಾಯಿ ಮುಚ್ಚಿದರು. ಮುಚ್ಚಿದರೆ ಉಸಿರಾಡಲಾಗದು ನೋಡಿ, ಮತ್ತೆ ತೆರೆದರು.

ಆಪರೇಷನ್ ಸುಸೂತ್ರವಾಗಿ ಆಯಿತು. ಮೂಗು ಸೀಟಬಾರದು, ಮೂರು ವಾರ ಭಾರ ಎತ್ತಬಾರದು, ಉಪ್ಪುನೀರು ದಿನಕ್ಕೆ ನಾಲ್ಕು ಸಲ ಹಾಕಬೇಕು ಎಂದು ಹೇಳಿ ಕಳಿಸಿದರು. ಇವರು ಗಂಟೆಗೊಮ್ಮೆ ಹಾಕತೊಡಗಿದರು. "ಹೊಸ ಗೋಡೆ ಕಣೇ. ನೀರು ಕಮ್ಮಿಯಾದ್ರೆ ಬಿರುಕು ಬಿಡುತ್ತೆ." ಎರಡು ವಾರದ ಬಾಟಲಿ ಎರಡೇ ದಿನಕ್ಕೆ ಖಾಲಿ, ದಿಂಬು ತೊಪ್ಪೆ. ಫೋನಿನಲ್ಲಿ ಡಾಕ್ಟರಮ್ಮ, "ಅದು ಸಿಮೆಂಟಲ್ಲ ಮೇಸ್ತ್ರಿ, ಮಾಂಸ" ಎಂದು ಗದರಿದ ಮೇಲೆಯೇ ನಿಲ್ಲಿಸಿದ್ದು.

ವಾರದ ಮೇಲೆ ಹಾಳೆ ತೆಗೆದರು. ಇವರು ಎಡ ಹೊಳ್ಳೆಯಿಂದ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಕಣ್ಣಲ್ಲಿ ನೀರು ಬಂತು.

"ಇಷ್ಟೊಂದು ಜಾಗ ಇತ್ತಾ ಒಳಗೆ?"

"ಜಾಗ ಅಷ್ಟೇ ಇದ್ದಿದ್ದು," ಎಂದರು ಡಾಕ್ಟರಮ್ಮ ಕೈತೊಳೆಯುತ್ತ. "ಹಂಚಿಕೆ ಸರಿ ಇರಲಿಲ್ಲ."

ಮನೆ ಹತ್ತಿರ ಬಂದಾಗ ಇವರು ನಮ್ಮ ಬಾಗಿಲು ದಾಟಿ ತಮ್ಮನ ಬಾಗಿಲಿಗೆ ಹೋದರು. ಒಳಗೆ ನಡೆಯಲು ಅಡ್ಡ ತಿರುಗಬೇಕಾಯಿತು. ಮೆಷಿನಿಗೂ ಗೋಡೆಗೂ ನಡುವೆ ಹೊಟ್ಟೆ ಸಿಕ್ಕಿಕೊಂಡಿತು. ಮೈದುನ ಮೆಷಿನ್ ತುಳಿಯುವುದನ್ನು ನಿಲ್ಲಿಸಿದ.

"ಉಸಿರು ಸರಾಗ ಆಗ್ತಿದೆಯಾ ಅಣ್ಣ?" ಎಂದ, ಆರು ವರ್ಷದ ಮೇಲೆ.

"ನನಗೆ ಆಗ್ತಿದೆ. ನಿನಗೆ?"

ಇವರು ಅವನ ಸೀಮೆಸುಣ್ಣ ಎತ್ತಿಕೊಂಡು ನಮ್ಮ ಕಡೆಗೆ ಬಂದು, ಟೇಪು ಹಿಡಿದು, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ನೆಲದ ಮೇಲೆ ಗೆರೆ ಎಳೆದರು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮರುದಿನ ಒಡೆದದ್ದು ಮೈದುನ. ಇವರು ಭಾರ ಎತ್ತುವಂತಿಲ್ಲವಲ್ಲ, ಕುರ್ಚಿಯಲ್ಲಿ ಕೂತು ಬೈದರು: "ಸುತ್ತಿಗೇನ ಸೂಜಿ ಹಿಡಿದ ಹಾಗೆ ಹಿಡೀತಾನೆ ನೋಡು."

ಅದಾಗಿ ಐದು ತಿಂಗಳು. ಹೊಸ ಗೋಡೆ ಇನ್ನೂ ಎದ್ದಿಲ್ಲ. ಗೆರೆ ಎಲ್ಲರ ಕಾಲ್ತುಳಿತಕ್ಕೆ ಅಳಿಸಿಹೋಗಿದೆ, ಮೆಷಿನ್ ಹಜಾರದ ನಡುವೆ ಬಂದು ಕೂತಿದೆ. "ಯಾವಾಗ ಕಟ್ಟೋದು ಅಣ್ಣ?" ಎಂದು ಮೈದುನ ಕೇಳಿದಾಗೆಲ್ಲ ಇವರು ಮೂಗು ಮುಟ್ಟಿಕೊಂಡು, "ಡಾಕ್ಟರು ಭಾರ ಎತ್ತಬೇಡಿ ಅಂದಿದ್ದಾರೆ ಕಣೋ" ಎನ್ನುತ್ತಾರೆ.

ನಿನ್ನೆ ಪಕ್ಕದ ಬೀದಿಯಲ್ಲಿ ಇವರು ಸಿಮೆಂಟ್ ಮೂಟೆ ಹೊತ್ತು, ಬಾಯಿ ಮುಚ್ಚಿಕೊಂಡೇ, ಮೂರನೇ ಮಹಡಿ ಹತ್ತುತ್ತಿದ್ದರು. ನಾನೂ ನೋಡಿದೆ, ಮೈದುನನೂ ನೋಡಿದ. ಇಬ್ಬರೂ ನೋಡಲಿಲ್ಲವೆಂದು ಮಾತಾಡಿಕೊಂಡು ಮನೆಗೆ ಬಂದೆವು.