ನೂರ ಇಪ್ಪತ್ತೈದಕ್ಕೆ ನಿಂತ ಲೆಕ್ಕ

ಇಂಗ್ಲೆಂಡಿನ ಬಂದರು ಗ್ರಿಮ್ಸ್‌ಬಿಯ ಟೆಸ್ಸಾ ಬ್ಲೆಂಕಿನ್ ಹುಟ್ಟಿದ ಮೂರನೇ ದಿನವೇ ನರ್ಸು ಬರೆದ ತನ್ನ ತೂಕ ತಪ್ಪೆಂದು ಕೈಸನ್ನೆ ಮಾಡಿ ತಿದ್ದಿಸಿದವಳು. ನಂಬದವರು ಊರಿನ ಮೀನುಕಟ್ಟೆಯಲ್ಲಿ ವಿಚಾರಿಸಬಹುದು.

ಇಂಥವಳಿಗೆ ಒಂದು ಪುಟ ಬರೆಯಲು ಬಾರದೆ ಹೋಯಿತು. ಗಣಿತ ಓದಲು ತನಗೇ ಏಕೆ ಸೀಟು ಕೊಡಬೇಕೆಂದು ವಿಶ್ವವಿದ್ಯಾಲಯಕ್ಕೆ ಹೇಳಿಕೊಳ್ಳುವ ಪುಟ. ಒಂದು ಸೀಟಿಗೆ ಹತ್ತು ಸಾವಿರ ಜನ ಹೊಡೆದಾಡುತ್ತಾರೆ. ಹೋಗಲಿ, ಹತ್ತು ಎನ್ನಿ. ಅರ್ಜಿಗೆ ಅಂದು ಸಂಜೆ ಆರು ಗಂಟೆಯೇ ಗಡುವು. ನಾನೂರು ಸಲ ಅಳಿಸಿ ಬರೆದ ಟೆಸ್ಸಾ, ಗಣಿತದ ಕೋಣೆಯಲ್ಲಿ ಕಾಲು ಕುಣಿಸುತ್ತ ಪೆನ್ನಿನ ಮುಚ್ಚಳ ಕಚ್ಚಿ ಚಪ್ಪಟೆ ಮಾಡುತ್ತಿದ್ದಳು. ಎದುರಿಗೆ ಟೀಚರ್ ಮಿಸ್ ಪ್ರೆಂಟಿಸ್, ಒಂದು ಕೈಯಲ್ಲಿ ಆ ಪುಟ, ಇನ್ನೊಂದರಲ್ಲಿ ಆರಿದ ಚಹಾ.

"'ಚಿಕ್ಕಂದಿನಿಂದಲೂ ಗಣಿತವೆಂದರೆ ಪ್ರಾಣ.' ಇದನ್ನ ತೆಗಿಯೇ. ಈ ವಾರ ಒಂಬತ್ತು ಜನ ಪ್ರಾಣ ತಂದು ನನ್ನ ಮೇಜಿನ ಮೇಲಿಟ್ಟಿದಾರೆ."

"ತೆಗೆದೆ ಮಿಸ್. ಕಳಿಸ್ಲಾ?"

"ಕೂತ್ಕೋ. ಈ ಕೆಳಗಿಂದು ಚೆನ್ನಾಗಿದೆ."

ಕೆಳಗಿನದು ಟೆಸ್ಸಾಳ ಬ್ರಹ್ಮಾಸ್ತ್ರ. ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆಗಳಿವೆಯಲ್ಲ, ಮೂರರಿಂದ ಮುಂದಿನ ಯಾವ ಬೆಸ ಸಂಖ್ಯೆಯಿಂದಲಾದರೂ ಅವುಗಳಲ್ಲಿ ಸರಿಯಾದ ಒಂದನ್ನು ಆರಿಸಿ ಕಳೆದರೆ ಅವಿಭಾಜ್ಯ ಸಂಖ್ಯೆಯೇ ಉಳಿಯುತ್ತದಂತೆ. 'ನೂರ ಇಪ್ಪತ್ತೈದರವರೆಗೆ ಕೈಯಾರೆ ಪರೀಕ್ಷಿಸಿದ್ದೇನೆ. ಇದು ನನ್ನ ಸ್ವಂತ ಶೋಧ.'

"ನೂರಿಪ್ಪತ್ತೈದೇ ಯಾಕೆ?"

"ಅಂದ್ರೆ?"

"ಜನ ನೂರಕ್ಕೆ ನಿಲ್ಲಿಸ್ತಾರೆ, ಇನ್ನೂರಕ್ಕೆ ನಿಲ್ಲಿಸ್ತಾರೆ. ನೂರಿಪ್ಪತ್ತೈದಕ್ಕೆ ಯಾರು ನಿಲ್ಲಿಸ್ತಾರೆ?"

"ಬಸ್ ಬಂತು ಮಿಸ್."

"ಇಂಟರ್‌ವ್ಯೂಗೂ ಬಸ್ ಬರತ್ತಾ? ಅವರು ಮೊದಲು ಕೇಳೋದೇ ಇದನ್ನ. ಹೋಗು, ಬೋರ್ಡಲ್ಲಿ ಮುಂದಿನ ಬೆಸ ಸಂಖ್ಯೆ ಮಾಡಿ ತೋರಿಸು."

ಟೆಸ್ಸಾಳ ಕಿವಿ ಕೆಂಪೇರಿದ್ದು ಬಂದರಿನ ಹಡಗುಗಳಿಗೂ ಕಂಡಿರಬೇಕು. ಬೋರ್ಡಿನ ಮೇಲೆ 127 ಎಂದು ಬರೆದಳು. ಅಷ್ಟಕ್ಕೇ ಚಾಕ್ ಕೆಳಗಿಟ್ಟಳು. ಗಡಿಯಾರದಲ್ಲಿ ಐದಾಗಿತ್ತು.

"ಇದು ಆಗಲ್ಲ ಮಿಸ್. ಒಂದರಿಂದ ಅರವತ್ನಾಲ್ಕರವರೆಗೆ ಏಳನ್ನೂ ಕಳೆದು ನೋಡ್ದೆ, ಒಂದರಲ್ಲೂ ಅವಿಭಾಜ್ಯ ಬರಲಿಲ್ಲ. ನನ್ನ ನಿಯಮ ಸುಳ್ಳು. ಗೊತ್ತಿದ್ದೇ ಬರೆದೆ."

"ಸೋತ ಮೇಲೆ ಬಿಟ್ಟುಬಿಟ್ಯಾ?"

"ಬಿಡಕ್ಕಾಗ್ಲಿಲ್ಲ."

ಮಿಸ್ ಪ್ರೆಂಟಿಸ್ 'ಸ್ವಂತ ಶೋಧ'ದ ಸಾಲು ಹೊಡೆದುಹಾಕಿ, ಅದರ ಕೆಳಗಿನ ಖಾಲಿ ಜಾಗಕ್ಕೆ ಪೆನ್ಸಿಲ್ ಊರಿದರು.

"ಹೇಳು, ಬರ್ಕೋತೀನಿ. ಇದ್ದದ್ದು ಇದ್ದ ಹಾಗೆ."

"ನೂರಿಪ್ಪತ್ತೇಳು ಕೆಡತ್ತೆ. ಆಮೇಲೆ ಒಂದಷ್ಟು ಸರಿಯಾಗೇ ಇವೆ, ನೂರ ನಲವತ್ತೊಂಬತ್ತು ಮತ್ತೆ ಕೆಡತ್ತೆ. ಅವಕ್ಕೇ ಏನು ಬಂದಿದೆ ಅಂತ ಬೇಸಿಗೆ ರಜೆಯಿಡೀ ತಲೆ ಕೆಡಿಸ್ಕೊಂಡೆ. ಇವತ್ತಿಗೂ ನಂಗೆ ಗೊತ್ತಿಲ್ಲ, ಮಿಸ್."