ಸಮುದ್ರಕ್ಕೆ ತೆಗೆದ ಅಳತೆ

ಶಿಡ್ಲಘಟ್ಟದಲ್ಲಿ ವಜೀರುನ್ನೀಸಾ ಹೊಲಿದ ರವಿಕೆ ಅಂದರೆ ಅದಕ್ಕೊಂದು ಗುರುತಿತ್ತು. ಎರಡೂ ಪಕ್ಕ ಒಳಗಡೆ ಒಂದೊಂದು ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಿದ್ದಳು. ಮದುವೆಗೆ ಹೊಲಿಸಿದ್ದನ್ನು ಎರಡು ಹೆತ್ತ ಮೇಲೂ ಬಿಚ್ಚಿ ದೊಡ್ಡದು ಮಾಡಿ ಹಾಕಿಕೊಳ್ಳಬಹುದು. ಕಾಲೇಜು ಹುಡುಗಿಯರು ಬಂದು "ಬಿಗಿಯಾಗಿರ್ಲಿ ವಜೀರಕ್ಕ" ಅಂತ ಗೋಗರೆದರೆ ಹೂಂ ಅನ್ನುತ್ತಿದ್ದಳು, ಆಮೇಲೆ ತನಗೆ ಸರಿ ಕಂಡಷ್ಟು ಸಡಿಲ ಬಿಟ್ಟೇ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳ ಅಂಗಡಿ ಬಟ್ಟೆ ಬಿಗಿಯಾಯಿತು ಅಂತ ಒಬ್ಬರೂ ವಾಪಸ್ ತಂದವರಿಲ್ಲ.

ಅಂಥವಳ ಮೆಷಿನ್ ಮೇಲೆ ಎರಡು ಸಾವಿರದ ಒಂಬತ್ತರ ಜನವರಿಯ ಒಂದು ಬುಧವಾರ ಎದುರು ಮನೆ ತನುಜ ಕರ್ರಗಿನ ರಬ್ಬರ್ ಉಡುಪೊಂದನ್ನು ಧೊಪ್ಪನೆ ತಂದು ಹಾಕಿದಳು. ಕುತ್ತಿಗೆಯಿಂದ ಹಿಮ್ಮಡಿವರೆಗೂ ಒಂದೇ ಸಮ ಇತ್ತು, ಕೈಯಿತ್ತು, ಕಾಲಿತ್ತು.

"ಯಾ ಅಲ್ಲಾ! ಯಾವ ಕೋಣದ ಚರ್ಮ ಸುಲ್ಕೊಂಡು ಬಂದ್ಯೇ?"

"ವೆಟ್‌ಸೂಟು ಕಣಕ್ಕ. ಸಮುದ್ರದೊಳಗೆ ಮುಳುಗೋರು ಹಾಕ್ಕೊಳ್ಳೋದು."

ತನುಜ ರೇಷ್ಮೆ ಗೂಡಿನ ಮಾರುಕಟ್ಟೆ ಬಯ್ಯಪ್ಪನ ಮಗಳು. ಕೈವಾರದ ಹತ್ತಿರ ಸೋದರಮಾವ ಕೋನಪ್ಪನ ತೋಟದ ಬಾವಿಯಲ್ಲಿ ಈಜು ಕಲಿತವಳು, ಈಗ ಚಿಕ್ಕಬಳ್ಳಾಪುರದಲ್ಲಿ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದಳು. ಹೋದ ತಿಂಗಳಿಂದ ಅವಳಿಗೆ ಮುರುಡೇಶ್ವರದ ಹುಚ್ಚು ಹಿಡಿದಿತ್ತು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದನ್ನು ಕಲಿಯುತ್ತಿದ್ದಳು. ಪಾಸಾದರೆ ಅಲ್ಲೇ ಕೆಲಸ. ಆದರೆ ಒಂದೊಂದು ಸಲಕ್ಕೆ ನಲವತ್ತು ನಿಮಿಷದಂತೆ ದಿನಕ್ಕೆ ಎರಡು ಸಲ ನೀರೊಳಗೆ ಇರಬೇಕಿತ್ತು. ತೆಳ್ಳನೆ ಹುಡುಗಿ, ಅಲ್ಲಿದ್ದ ಸೂಟುಗಳೆಲ್ಲ ಗಂಡಸರ ಅಳತೆಯವು. ಎರಡು ಸಲವೂ ಇಪ್ಪತ್ತೈದು ನಿಮಿಷಕ್ಕೇ ಗಡಗಡ ನಡುಗಿಕೊಂಡು ಮೇಲೆ ಬಂದಿದ್ದಳು.

"ಭಾನುವಾರ ಕೊನೇ ಪರೀಕ್ಷೆ ಅಕ್ಕ. ನಮ್ ಸರ್ರು ತಮ್ಮ ಹಳೇ ಸೂಟು ಕೊಟ್ಟು ಮೈಗೆ ಸರಿ ಮಾಡಿಸ್ಕೊಂಡು ಬಾ ಅಂದ್ರು. ಈ ಸಲನೂ ನಡುಗಿದ್ರೆ, ಊರಿಗೆ ಹೋಗಮ್ಮ ಅಂತಾರೆ. ನಾಡಿದ್ದು ಶುಕ್ರವಾರ ಸಂಜೆ ಬಸ್ಸಿಗೆ ಹೊರಡ್ಬೇಕು. ಬಿಗಿಯಾಗಿರ್ಲಿ."

"ಹೂಂ," ಅಂದಳು ವಜೀರುನ್ನೀಸಾ.

ಹೂಂ ಅಂದವಳು ಮಾಡಿದ್ದೇನು? ಎಂದಿನದೇ! ಟೇಪು ಹಿಡಿದು ಎದೆ, ಸೊಂಟ, ತೊಡೆ, ಮೀನಖಂಡ ಎಲ್ಲ ಅಳೆದಳು. ಪಾಪ, ಹುಡುಗಿ ಉಸಿರಾಡಬೇಡವಾ ಅಂತ ಒಂದೊಂದಕ್ಕೂ ಒಂದಿಂಚು ಸೇರಿಸಿದಳು. ಪಕ್ಕಗಳನ್ನು ಒಳಕ್ಕೆ ಮಡಚಿ ದಪ್ಪ ಸೂಜಿಯಲ್ಲಿ ಹೊಲಿದಳು. ತನುಜ ಹಾಕಿಕೊಂಡಾಗ ಮೊದಲಿಗಿಂತ ಎಷ್ಟೋ ವಾಸಿ ಕಂಡಿತು, ಇಬ್ಬರೂ ಖುಷಿಯಾದರು.

ಗುರುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಕೋನಪ್ಪನ ದ್ರಾಕ್ಷಿ ತೋಟಕ್ಕೆ ಹೋದರು. ತಾನು ಹೊಲಿದದ್ದು ನೀರಿಗಿಳಿಯುವುದನ್ನು ವಜೀರುನ್ನೀಸಾ ಕಣ್ಣಾರೆ ನೋಡಬೇಕಿತ್ತು. ಬಾವಿಯ ಮೆಟ್ಟಿಲ ಮೇಲೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಗಂಟೆ ನೋಡುತ್ತಾ ಕೂತಳು. ತನುಜ ಕುತ್ತಿಗೆ ಮಟ್ಟ ನೀರಿನಲ್ಲಿ ನಿಂತಳು. ಹತ್ತು ನಿಮಿಷಕ್ಕೆ ತುಟಿ ನೀಲಿ, ಹದಿನೈದಕ್ಕೆ ಹಲ್ಲು ಕಟಕಟ. ಇನ್ನು ಆಗಲ್ಲ ಅಂತ ಮೆಟ್ಟಿಲು ಹತ್ತಿ ಬಂದಾಗ ಎರಡೂ ಕಾಲಿನ ತುದಿಯಿಂದ ನೀರು ಧಾರೆಧಾರೆಯಾಗಿ ಸುರಿಯಿತು. ವಜೀರುನ್ನೀಸಾ ದಡಕ್ಕನೆ ಎದ್ದಳು.

"ಇಷ್ಟೊಂದು ನೀರು ಒಳಗೆ ಹೆಂಗೇ ಹೋಯ್ತು?"

"ನೀರು ಹೋಗೇ ಹೋಗ್ತದಕ್ಕ, ಆದ್ರೆ ತೆಳ್ಳಗೆ ಒಂದು ಪದರ ಹೋಗಿ ಅಲ್ಲೇ ನಿಲ್ಬೇಕು. ಅದನ್ನ ಮೈ ಬಿಸಿ ಮಾಡ್ಕೊಂಡು ಬೆಚ್ಚಗಿಟ್ಕೊಳ್ತದೆ. ಇದ್ರಲ್ಲಿ ಬಿಸಿಯಾಗೋ ಅಷ್ಟ್ರಲ್ಲಿ ಆ ನೀರು ಆಚೆ ಹೋಗಿ ಹೊಸ ತಣ್ಣೀರು ನುಗ್ತಾ ಇದೆ."

"ಮೊದ್ಲೇ ಬಾಯಿ ಬಿಟ್ಟು ಹೇಳೋಕ್ಕೇನಾಗಿತ್ತು?"

"ಬಿಗಿಯಾಗಿರ್ಲಿ ಅಂದೆ. ನೀವು ಹೂಂ ಅಂದ್ರಿ."

ವಜೀರುನ್ನೀಸಾ ಹುಡುಗಿಯ ಬೆನ್ನ ಹಿಂದೆ ಕೈಹಾಕಿ ಸೂಟನ್ನು ಚಿವುಟಿದಳು, ಹಿಡಿ ತುಂಬ ಬಂತು. ಕಂಕುಳಲ್ಲಿ ಚಿವುಟಿದಳು, ಅಲ್ಲೂ ಬಂತು. ಸೇರಿಸಿದ್ದ ಒಂದಿಂಚು, ರಬ್ಬರ್ ಹಿಗ್ಗುತ್ತದಾದ್ದರಿಂದ ಅದರ ಮೇಲೆ ಇನ್ನೊಂದಿಂಚು, ಒಟ್ಟು ಎರಡು ಇಂಚು ಕಡಿಮೆ ಮಾಡಬೇಕು, ಒಂದು ಬೆರಳೂ ಸಡಿಲ ಬಿಡಬಾರದು. ತಪ್ಪು ತನ್ನದೇ ಅಂತ ಗೊತ್ತಾಗಿ ನಾಚಿಕೆಯಾಯಿತು. ಆದರೆ ಅದರ ಬೆನ್ನಿಗೇ ಮೈಯಲ್ಲೆಲ್ಲ ಒಂಥರಾ ಚುರುಕು ಹತ್ತಿಕೊಂಡಿತು. ಇಂಥ ಅಳತೆಯನ್ನು ಅವಳು ಜನ್ಮದಲ್ಲಿ ತೆಗೆದಿರಲಿಲ್ಲ!

"ನಡಿಯೇ, ನಡಿ ನಡಿ, ಬಸ್ಸು ತಪ್ತದೆ."

ಮನೆಗೆ ಬರುತ್ತಿದ್ದಂತೆ ಗಂಡ ಲಾಲ್ ಬಾಷಾ ಒದ್ದೆ ಸೂಟು ನೋಡಿ ಉಪಕಾರ ಮಾಡಲು ಓಡಿಬಂದ. ಅವನು ರೇಷ್ಮೆ ನೂಲು ತೆಗೆಯುವವನು, ಮಳೆಗಾಲದಲ್ಲಿ ಆ ಮನೆಯ ಒದ್ದೆ ಬಟ್ಟೆಯೆಲ್ಲ ಒಣಗುತ್ತಿದ್ದದ್ದು ಗೂಡು ಬೇಯಿಸುವ ಒಲೆಯ ಕಾವಿನಲ್ಲೇ. "ಕೊಡಿ ಇಲ್ಲಿ, ಒಲೆ ಹತ್ರ ಹಾಕಿದ್ರೆ ಅರ್ಧ ಗಂಟೇಲಿ ಗರಿಗರಿ ಆಗ್ತದೆ," ಅಂದ.

"ಅಯ್ಯಯ್ಯೋ ಬೇಡ ಭಾಯಿ!" ತನುಜ ಕಿರುಚಿಕೊಂಡಳು. "ಬೆಂಕಿ ಕಾವು, ಬಿಸಿಲು, ಇಸ್ತ್ರಿ ಯಾವ್ದೂ ಆಗ್ಬಾರ್ದು. ರಬ್ಬರ್ ಒಣಗಿ ಬಿರುಕು ಬಿಡ್ತದೆ. ನೆರಳಲ್ಲಿ, ಗಾಳೀಲಿ ಹಾಕ್ಬೇಕು."

ಫ್ಯಾನಿನ ಕೆಳಗೆ ಸೂಟನ್ನು ಒಳಮೈ ಹೊರಗೆ ಮಾಡಿ ಹರವಿದ್ದಾಯಿತು. ಅದು ಒಣಗುವಷ್ಟರಲ್ಲಿ ವಜೀರುನ್ನೀಸಾ ತಮ್ಮ ಮುದಸ್ಸಿರನ ಸೈಕಲ್ ಅಂಗಡಿಗೆ ಹೋಗಿ ಪಂಚರ್ ಹಾಕುವ ಸೊಲ್ಯೂಷನ್ ಡಬ್ಬಿ ಎತ್ತಿಕೊಂಡು ಬಂದಳು. ರಬ್ಬರಿಗೆ ರಬ್ಬರ್ ಅಂಟಿಸುವುದನ್ನು ತಮ್ಮನ ಅಂಗಡಿಯಲ್ಲಿ ಅವಳು ನೋಡಿರದ ದಿನವಿಲ್ಲ.

ಮಧ್ಯಾಹ್ನ ಕತ್ತರಿ ಹಿಡಿದು ಕೂತವಳು ಸೂಟಿಗೆ ತಾಗಿಸದೆ ಹಾಗೇ ತಡೆದಳು. ರಬ್ಬರನ್ನು ಮಡಚಿ ಒಳಗೆ ಬಿಟ್ಟರೆ ಹೊಲಿಗೆ ಗಂಟಾಗಿ ಮೈ ಉಜ್ಜುತ್ತದೆ, ಅಂಚಿಗೆ ಅಂಚು ಕೂರಿಸಿ ಅಂಟಿಸಬೇಕು. ಅಂದರೆ ಕತ್ತರಿಸಿ ಎಸೆಯಬೇಕು. ಹೆಚ್ಚುಕಡಿಮೆಯಾದರೆ ಬಿಚ್ಚಿಕೊಳ್ಳಲು ಒಳಗೆ ಏನೂ ಇರುವುದಿಲ್ಲ. ಇದ್ದದ್ದು ಒಂದೇ ಸೂಟು, ಭಾನುವಾರಕ್ಕೆ ಉಳಿದದ್ದು ಮೂರು ದಿನ.

"ಕತ್ತರಿಸ್ಲೇನೇ?"

"ಕತ್ತರ್ಸಿ ಅಕ್ಕ," ಅಂದಳು ತನುಜ, ಕಣ್ಣು ಮುಚ್ಚಿಕೊಂಡು.

ಬಿಸ್ಮಿಲ್ಲಾ ಅಂದು ಕತ್ತರಿ ಓಡಿಸಿದಳು. ಅಂಚುಗಳಿಗೆ ಸೊಲ್ಯೂಷನ್ ಬಳಿದು, ಆರಲು ಬಿಟ್ಟು, ಮತ್ತೆ ಬಳಿದು, ಅಂಚಿಗೆ ಅಂಚು ಒತ್ತಿದಳು. ಆಮೇಲೆ ಬಾಗಿದ ಸೂಜಿಯಲ್ಲಿ ನೈಲಾನ್ ದಾರ ಪೋಣಿಸಿ, ಸೂಜಿ ಆಚೆ ಬದಿಗೆ ತೂರದ ಹಾಗೆ ಅರ್ಧ ದಪ್ಪಕ್ಕೇ ಚುಚ್ಚಿ ಅರ್ಧಕ್ಕೇ ಎತ್ತಿ ಹೊಲಿದಳು. ತೂತು ಬಿದ್ದರೆ ನೀರು ಬರುತ್ತದಲ್ಲ! ಸಂಜೆ ಮಗ್ರಿಬ್ ಆಜಾನ್ ಕೂಗುವ ಹೊತ್ತಿಗೆ ಕೊನೆಯ ಗಂಟು ಹಾಕಿದಳು.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಪರದೆ ಎಳೆದು ಹಾಕಿಸಲು ಹೋದರೆ, ಸೂಟು ಹಿಮ್ಮಡಿಯನ್ನೇ ದಾಟಲಿಲ್ಲ! ತನುಜ ಎಳೆದಳು, ವಜೀರುನ್ನೀಸಾ ಎಳೆದಳು, ಇಬ್ಬರೂ ಸೇರಿ ಎಳೆದರು. ಜಪ್ಪಯ್ಯ ಅಂದರೂ ಕದಲಲಿಲ್ಲ. ತನುಜಳ ಕಣ್ಣಲ್ಲಿ ನೀರು ತುಂಬಿತು.

"ಹಾಳಾಯ್ತಲ್ಲ ಅಕ್ಕ. ಇನ್ನ್ಯಾಕೆ ಹೋಗ್ಲಿ ನಾನು?"

ವಜೀರುನ್ನೀಸಾಗೆ ಹುಡುಗಿಯ ಬದುಕನ್ನೇ ಕತ್ತರಿಸಿ ಎಸೆದೆನಲ್ಲಾ ಅನ್ನಿಸಿತು. ಹೊಲಿಗೆ ಬಿಚ್ಚಿ ಮಧ್ಯೆ ಏನಾದರೂ ಪಟ್ಟಿ ಕೊಡೋಣ ಅಂತ ಕತ್ತರಿ ಎತ್ತಿಕೊಂಡಳು.

"ಉಂಡಮ್ಮಾ ಉಂಡು, ಒಂಚೂರು ತಡಿ!" ಅಂತ ತೆಲುಗು ಬೆರೆಸಿ ಕೂಗುತ್ತಾ ಪರದೆ ಸರಿಸಿ ತಲೆ ಹಾಕಿದವಳು ಬಳೆ ಮಾರುವ ಚಿಕ್ಕವೆಂಕಟಮ್ಮ. ಪ್ರತಿ ಶುಕ್ರವಾರ ಆ ಅಂಗಡಿಯ ಜಗುಲಿಯಲ್ಲೇ ಬಳೆ ಬುಟ್ಟಿ ಇಟ್ಟುಕೊಂಡು ಕೂರುವವಳು, ಒಳಗಿನ ಗಲಾಟೆ ಅಷ್ಟೂ ಕೇಳಿಸಿಕೊಂಡಿದ್ದಳು. "ಹಾಕೋಕ್ಕೆ ಕಷ್ಟ ಆಯ್ತು ಅಂತ ನಾನು ದೊಡ್ಡ ಬಳೆ ಕೊಡ್ತೀನಾ? ಕೊಟ್ರೆ ಒಂದ್ಸಲ ಕೈ ಜಾಡಿಸಿದ್ರೆ ನೆಲಕ್ಕೆ ಬೀಳ್ತದೆ. ಮುಂಗೈಯಲ್ಲಿ ನಿಲ್ಲೋ ಬಳೆ ಅಂಗೈ ದಾಟೋವಾಗ ಅಳಿಸ್ಲೇಬೇಕು. ಆ ಕತ್ತರಿ ಕೆಳಗಿಡು ವಜೀರಮ್ಮ."

ಹೇಳಿದವಳೇ ಬುಟ್ಟಿಯಿಂದ ತೆಳ್ಳನೆಯ ಪ್ಲಾಸ್ಟಿಕ್ ಕವರ್ ತೆಗೆದಳು. ಗಡಸು ಕೈಯವರಿಗೆ ಬಳೆ ತೊಡಿಸುವಾಗ ಅವಳು ಕೈಗೆ ಹಾಕುತ್ತಿದ್ದ ಕವರ್ ಅದು. ಅದನ್ನು ತನುಜಳ ಪಾದಕ್ಕೆ ಸಿಕ್ಕಿಸಿದಳು. "ಎಳೀಬೇಡಿ, ಉಗುರು ತಾಗಿಸ್ಬೇಡಿ. ಬೆರಳ ತುದಿಯಿಂದ ಚೂರುಚೂರೇ ಮೇಲಕ್ಕೆ ದೂಡಿ. ನೀನು ಕಾಲು ಸಡಿಲ ಬಿಡು ತಲ್ಲಿ, ಕಂಗಾರು ಪಡಬೇಡ, ಗಾಬರಿ ಏನಿಲ್ಲ."

ಸರ್ರನೆ ಜಾರಿತು! ಹಿಮ್ಮಡಿ ದಾಟಿತು, ಮೀನಖಂಡ ದಾಟಿತು. ಮೂರೂ ಜನ ಅಂಗುಲ ಅಂಗುಲ ದೂಡಿದರು. ಮೊಣಕಾಲಾಯಿತು, ಸೊಂಟವಾಯಿತು. ಕವರ್ ಕೈಗೆ ಬಂತು, ತೋಳೂ ಒಳಗೆ ಹೋಯಿತು. ಬೆನ್ನಿನ ಜಿಪ್ಪು ಎಳೆಯುವಾಗ ವಜೀರುನ್ನೀಸಾ ಉಸಿರು ಬಿಗಿಹಿಡಿದಳು.

"ಕೈ ಎತ್ತು. ಕುಕ್ಕರಗಾಲಲ್ಲಿ ಕೂತ್ಕೋ. ಜೋರಾಗಿ ಉಸಿರು ತಗೋ. ಕುತ್ತಿಗೆ ಹಿಸುಕ್ತಾ ಇದ್ಯಾ?"

"ಇಲ್ಲ ಅಕ್ಕ."

ಬೆನ್ನಲ್ಲಿ ಚಿವುಟಿದಳು. ಬೆರಳಿಗೆ ಒಂದು ಎಳೆಯೂ ಸಿಗಲಿಲ್ಲ. ಕಂಕುಳಲ್ಲೂ ಸಿಗಲಿಲ್ಲ. "ಹಿಡಿಯೋಕ್ಕೇ ಸಿಗಲ್ಲ ಕಣೇ!" ಅಂತ ವಜೀರುನ್ನೀಸಾ ಕುಣಿದೇಬಿಟ್ಟಳು, ನಲವತ್ತೆರಡು ವಯಸ್ಸಿನ ಹೆಂಗಸು.

ಸಂಜೆ ತನುಜ ಬಸ್ಸು ಹತ್ತಿದಳು, ಬ್ಯಾಗಿನಲ್ಲಿ ಸೂಟು, ಸೂಟಿನ ಮೇಲೆ ಎರಡು ಪ್ಲಾಸ್ಟಿಕ್ ಕವರ್. ಭಾನುವಾರ ವಜೀರುನ್ನೀಸಾ ಬೆಳಿಗ್ಗೆಯಿಂದ ಮೊಬೈಲನ್ನು ಮೆಷಿನ್ ಪಕ್ಕದಿಂದ ಕದಲಿಸಲಿಲ್ಲ. ಒಂದು ರವಿಕೆಗೆ ಎರಡು ಎಡತೋಳು ಹೊಲಿದಳು. ಊಟ ಸೇರಲಿಲ್ಲ. ಸೊಲ್ಯೂಷನ್ ಉಪ್ಪುನೀರಿಗೆ ಬಿಟ್ಟುಕೊಂಡರೆ? ಆ ಮಗು ಸಮುದ್ರದ ತಳದಲ್ಲಿ ನಡುಗುತ್ತಾ ಕೂತಿದ್ದರೆ? ಮೂರೂವರೆಗೆ ಫೋನು ಬಡಕೊಂಡಿತು.

"ಅಕ್ಕಾ! ಎರಡು ಸಲಾನೂ! ಬೆಳಿಗ್ಗೆ ನಲವತ್ತೆರಡು ನಿಮಿಷ, ಮಧ್ಯಾಹ್ನ ನಲವತ್ತಾರು! ಎಲ್ಲಾರ್ಗಿಂತ ಕೊನೇಲಿ ಮೇಲೆ ಬಂದಿದ್ದು ನಾನೇ. ಒಂದ್ಸಲಾನೂ ನಡುಗ್ಲಿಲ್ಲ. ಆಮೆ ನೋಡ್ದೆ ಅಕ್ಕ, ಇಷ್ಟು ದೊಡ್ಡದು! ಕೆಲಸ ಆಯ್ತು!"

ವಜೀರುನ್ನೀಸಾಗೆ ಹೇಳಬೇಕಾದ್ದು ನೂರಿತ್ತು, ಬಾಯಿಗೆ ಬಂದದ್ದು ಒಂದೇ. "ಸೂಟು ಸಿಹಿನೀರಲ್ಲಿ ಜಾಲಾಡಿಸಿದ್ಯಾ? ಉಪ್ಪು ಉಳಿದ್ರೆ ಹೊಲಿಗೆ ತಿನ್ತದೆ."

"ಜಾಲಾಡಿ, ನೆರಳಲ್ಲಿ ಹಾಕಿದೀನಿ. ತಡೀರಿ, ಸರ್ರು ಮಾತಾಡ್ತಾರಂತೆ."

ಸರ್ರು ಹೊಗಳಿ ಹೊಗಳಿ, ತಮ್ಮಲ್ಲಿ ಇನ್ನೂ ಇಬ್ಬರು ಹುಡುಗಿಯರು ಇದೇ ಚಳಿಗೆ ಕೆಲಸ ಬಿಡುವ ಹಾಗಾಗಿದ್ದಾರೆ, ಸೂಟುಗಳನ್ನು ಕೊರಿಯರ್ ಮಾಡ್ತೀವಿ, ಅಳತೆ ಫೋನಲ್ಲೇ ಹೇಳ್ತೀವಿ ಅಂದರು.

ವಜೀರುನ್ನೀಸಾ ಅಲ್ಲಿವರೆಗೆ ಕೋಲಾರ ದಾಟಿ ಆಚೆಗೆ ಹೋದವಳಲ್ಲ.

"ಫೋನಲ್ಲಿ ಹೇಳಿದ್ ಅಳತೆಗೆ ನಾನು ಹೊಲಿಯಲ್ಲ ಸರ್," ಅಂದಳು. "ಮೈ ಮುಟ್ಟಿ ನೋಡ್ಬೇಕು. ಬುಧವಾರ ನಾನೇ ಬರ್ತೀನಿ."

ಫೋನಿಟ್ಟು, ಹೊಲಿದಿಟ್ಟಿದ್ದ ರವಿಕೆಗಳನ್ನು ಪಕ್ಕಕ್ಕೆ ಸರಿಸಿ, ಕತ್ತರಿ, ಟೇಪು, ಬಾಗಿದ ಸೂಜಿಯನ್ನು ಒಂದು ಚೀಲಕ್ಕೆ ಹಾಕತೊಡಗಿದಳು. ಲಾಲ್ ಬಾಷಾ ಬಾಗಿಲಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟ.

"ಎಲ್ಲಿಗೇ ಹೊರಟೆ?"

"ಸಮುದ್ರಕ್ಕೆ," ಅಂದಳು. "ಚಿಕ್ಕವೆಂಕಟಮ್ಮನ ಹತ್ರ ಹೋಗಿ ಪ್ಲಾಸ್ಟಿಕ್ ಕವರ್ ಈಸ್ಕೊಂಡು ಬನ್ನಿ. ನಾಲ್ಕು ಸಾಕು."