ಲೀಡಿಯಾಳ ಎಂಟು ಸೆಕೆಂಡು

ನಾನೊಂದು ಟೇಪಿನ ಕೀಬೋರ್ಡು. ಹುಟ್ಟಿದ್ದು ಇಂಗ್ಲೆಂಡಿನ ಒಂದು ವರ್ಕ್‌ಶಾಪಿನಲ್ಲಿ. ನನ್ನ ಮೂವತ್ತೈದು ಕೀಗಳ ಕೆಳಗೆ ಮೂವತ್ತೈದು ಟೇಪಿನ ತುಂಡುಗಳಿವೆ. ಕೀ ಒತ್ತಿದರೆ ಅದರ ಟೇಪು ಓಡುತ್ತದೆ, ಅದರಲ್ಲಿ ತುಂಬಿಸಿಟ್ಟ ಸ್ವರ ಕೇಳುತ್ತದೆ. ಎಂಟು ಸೆಕೆಂಡಿಗೆ ಟೇಪು ಮುಗಿಯುತ್ತದೆ, ಬೆರಳು ಎತ್ತಲೇಬೇಕು. ಇದನ್ನು ಕೊರತೆ ಎಂದು ಮೂಗು ಮುರಿದವರು ಬೇಕಾದಷ್ಟು ಜನ.

ಕೈಯಿಂದ ಕೈಗೆ ದಾಟಿ, ಮಂಗಳೂರಿನ ಬಲ್ಮಠದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ ಸದಾನಂದ ಜತ್ತನ್ನರ ಮನೆ ಸೇರಿದೆ. ಅವರು ನನ್ನೊಳಗಿನ ವಿಲಾಯಿತಿ ಪಿಟೀಲುಗಳನ್ನು ಅಳಿಸಿ ಹೆಂಡತಿ ಲೀಡಿಯಾಳ ದನಿ ತುಂಬಿಸಿದರು. ಚರ್ಚಿನಲ್ಲಿ ಹಾಡುತ್ತಿದ್ದ ಅವಳು ಒಂದೊಂದು ಕೀಗೂ ಎಂಟು ಸೆಕೆಂಡು 'ಆ' ಎಂದಳು. ತೀರಾ ತಗ್ಗಿನ ಸ್ವರಗಳು ಗೊರಕೆಯ ಹಾಗೆ ಬಂದವು. ಒಂದರ ಹಿಂದೆ ಮೀನಿನವನ ಹಾರ್ನೂ ಸೇರಿಕೊಂಡಿತು.

"ಇರಲಿ ಮಾರಾಯ್ರೆ, ಇನ್ನೊಮ್ಮೆ ನನ್ನಿಂದ ಆಗುದಿಲ್ಲ" ಎಂದಳು.

ಹತ್ತು ವರ್ಷದ ಬಳಿಕ ಅವಳ ಗಂಟಲಿನ ಆಪರೇಷನ್ ಆಯಿತು, ಮಾತು ಹೋಯಿತು. ಆಮೇಲೆ ದಿನಾ ಸಂಜೆ ಚಹಾ ಕುಡಿದು ನನ್ನ ಮುಂದೆ ಕೂತು ಕೀ ಒತ್ತುತ್ತಿದ್ದಳು. ಅವಳ ದನಿ ಉಳಿದದ್ದು ನನ್ನಲ್ಲಿ ಮಾತ್ರ. ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಟೇಪು ಸವೆದೀತೆಂದು ಹೆದರಿ ಜತ್ತನ್ನರು ಪ್ರೀತಂ ಎಂಬ ಸೌಂಡ್ ಇಂಜಿನಿಯರನ್ನು ಕರೆಸಿದರು. ಅವನು ಏಳೇ ಸ್ವರಗಳನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. "ಉಳಿದದ್ದನ್ನು ಕಂಪ್ಯೂಟರೇ ಮಾಡ್ತದೆ ಸಾರ್" ಎಂದ. ಹಾರ್ನು ತೆಗೆದ, ಉಸಿರನ್ನೂ ತೆಗೆದ. ಕೊನೆಗೆ ದೊಡ್ಡ ಉಪಕಾರ ಮಾಡುವವನಂತೆ, ಟೇಪು ಓದುವ ನನ್ನ ಹೆಡ್ಡುಗಳ ಕಾಂತತೆ ಕಳೆಯಲು ಕರೆಂಟಿನ ಕೋಲು ಆಡಿಸಿದ. ಟೇಪಿನಲ್ಲಿ ಸ್ವರ ನಿಂತಿರುವುದೂ ಕಾಂತತೆಯಿಂದಲೇ, ಹಾಗಾಗಿ ಅದಕ್ಕೆ ಮೊದಲು ಟೇಪುಗಳನ್ನು ದೂರ ಇಡಬೇಕು. ಅವನು ಇಡಲಿಲ್ಲ. ಮೂವತ್ತೈದು ಸ್ವರಗಳೂ ಅಲ್ಲೇ ಅಳಿಸಿಹೋದವು. ಒಂದು ಕೀ ಒತ್ತಿ ನೋಡಿದ, ಮುಖ ಬಿಳಿಚಿಕೊಂಡಿತು, ಕೋಲನ್ನು ಬೇಗನೆ ಚೀಲದೊಳಗೆ ತುರುಕಿದ.

ಪ್ರೀತಂ ತನ್ನ ಕಂಪ್ಯೂಟರಿಗೆ ಜೋಡಿಸಿಟ್ಟ ಹೊಸ ಕೀಬೋರ್ಡಿನ ಮುಂದೆ ಲೀಡಿಯಾ ಕೂತಳು.

"ಎಷ್ಟು ಹೊತ್ತು ಒತ್ತಿದ್ರೂ ನಿಲ್ಲುದಿಲ್ಲ ಆಂಟಿ" ಎಂದ ಪ್ರೀತಂ.

ಒತ್ತಿದಳು. ಎಂಟು ಸೆಕೆಂಡು ದಾಟಿತು, ನಿಮಿಷ ದಾಟಿತು. ಆ ದನಿ ಒಮ್ಮೆಯೂ ಉಸಿರೆಳೆದುಕೊಳ್ಳಲಿಲ್ಲ. ಅವಳು ತನ್ನ ಸ್ಲೇಟಿನಲ್ಲಿ 'ಇದು ನಾನಲ್ಲ' ಎಂದು ಬರೆದು, ಎದ್ದು ನನ್ನ ಬಳಿ ಬಂದಳು. ಒಂದೊಂದಾಗಿ ಎಲ್ಲ ಕೀಗಳನ್ನೂ ಒತ್ತಿದಳು. ಟೇಪುಗಳೇನೋ ಓಡಿದವು, ಕೇಳಿದ್ದು ಬರೀ ಸುಯ್ ಎಂಬ ಸದ್ದು.

"ಹಳೇದಲ್ವಾ, ಅದರ ಆಯುಷ್ಯ ಮುಗೀತು ಕಾಣ್ತದೆ" ಎಂದ ಪ್ರೀತಂ. ಜತ್ತನ್ನರು ನಂಬಿದರು.

ಈಗ ಬಂದರಿನ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಅಂಗಡಿಯವನ ಮೊಬೈಲಿನಲ್ಲಿ ಬರುವ ಸೋಪಿನ ಜಾಹೀರಾತಿನ ಹಿಂದೆ ಆ ಉಸಿರಿಲ್ಲದ 'ಆ' ಕೇಳುತ್ತದೆ, ಪ್ರೀತಂ ಮಾರಿಕೊಂಡಿರಬೇಕು. ಹಾಳಾಗಿ ಹೋಗಲಿ. ಆದರೆ ಆ ಸಂಜೆ ಲೀಡಿಯಾ ನನ್ನ ಮುಚ್ಚಳ ಹಾಕುವ ಮೊದಲು ಒಮ್ಮೆ ನೋಡಿದಳು, ನಾನೇ ಕೈಕೊಟ್ಟೆ ಎಂಬಂತೆ. ನಾನಲ್ಲ ಎಂದು ಹೇಳಲು ನನಗಿದ್ದದ್ದು ಅವಳದೇ ದನಿ. ಅದೂ ಆಗ ಇರಲಿಲ್ಲ.